ಪೈಪಿನ ಮೇಲಿಟ್ಟ ಕೈ

"ಅಂಗೈಗೇನು ಕಿವಿ ಮೂಡವೇನ್ಲಾ ನಿಂಗೆ, ಬೋಳೀಮಗನೆ?"

ಡೋಬ್ರೊಸಾವ್ ಮೇಸ್ತ್ರಿ ಕೂಗಿದ್ದು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. ರಿಗ್ಗಿನ ಸುತ್ತ ಇದ್ದ ಆರು ಜನವೂ ತಲೆಯೆತ್ತಿದರು. ನೆಲದೊಳಗಿಂದ ಎದೆಮಟ್ಟಕ್ಕೆ ಎದ್ದು ನಿಂತಿದ್ದ ಕೊರೆಯುವ ಪೈಪಿನ ಮೇಲೆ ಟ್ರಾಯ್ಲೊ ಬರಿಗೈ ಇಟ್ಟುಕೊಂಡು ನಿಂತಿದ್ದ. ಬಿಚ್ಚಿದ ಗ್ಲೌಸು ಕಂಕುಳಲ್ಲಿತ್ತು.

"ತೂತಲ್ಲಿ ನೀರಿಲ್ಲ ಮೇಸ್ತ್ರಿ," ಎಂದ. "ಎಲ್ಲೋ ಬಿರುಕಿಗೆ ಇಂಗೋಗೈತೆ. ಪೈಪು ಒಣಗಿದ ಸೋರೆಬುರುಡೆ ಆಡ್ದಂಗೆ ಆಡ್ತೈತೆ. ಇಕ್ಕಳಾನ ಸುಮ್ಕೆ ಬಿಟ್ರೆ ಗುಂಡು ಬಿದ್ದಂಗೆ ಬೀಳ್ತೈತೆ. ಮಿಲೊಯೆ ಬ್ರೇಕ್ ಹಿಡ್ಕೊಂಡು ನಿಧಾನಕ್ಕೆ ಇಳಿಸ್ಲಿ ಅಂತ."

"ಕೇಳಿದ್ರೇನ್ರಲಾ? ಇವ್ರು ವ್ಲಾಹ್ ಜನ, ಬೆಟ್ಟದಲ್ಲಿ ಕುರಿ ಕಾಯೋರು. ಸತ್ತೋರ್ಗೆ ಎಡೆ ಇಕ್ಕಿ ಮಾತಾಡ್ಸೋ ಪೈಕಿ. ಈಗ ಕಬ್ಣಾನೂ ಮಾತಾಡ್ಸಕ್ಕೆ ಹೊಂಟವ್ನೆ! ನಿಮ್ಮವ್ವ ಮಾಟದ ಗಂಟು ಏನಾರ ಕಟ್ಟಿ ಕಳ್ಸವ್ಳೇನ್ಲಾ ಜೇಬಲ್ಲಿ? ಎಂಟು ವರ್ಸದಿಂದ ಗ್ರೀಸು ಬಳಿಯೋ ನನ್ಮಗ ಡ್ರಿಲ್ಲರ್‌ಗೆ ಪಾಠ ಹೇಳ್ತಾನೆ. ತಗಿಲಾ ಕೈಯ!"

ಎಲ್ಲರೂ ನಕ್ಕರು. ಹೊಟ್ಟೆಪಾಡಿನ ನಗು ಹೇಗಿರುತ್ತದೆಂದು ಟ್ರಾಯ್ಲೊಗೆ ಗೊತ್ತು. ಅವನೂ ಎಷ್ಟೋ ಸಲ ಬೇರೆಯವರ ಮೇಲೆ ಹಾಗೆ ನಕ್ಕವನೇ. ಆದರೆ ಡ್ರಿಲ್ಲರನ ಸೀಟಿನಲ್ಲಿ ಕೂತ ಮಿಲೊಯೆ, ಮೊದಲು ಮೇಸ್ತ್ರಿಯ ಮುಖ ನೋಡಿ, ಆಮೇಲೆ ತುಟಿಯನ್ನು ಬೇಕಾದಷ್ಟೇ ಅರಳಿಸಿ ನಕ್ಕ. ಆ ಅಳತೆಯ ನಗು ಟ್ರಾಯ್ಲೊನ ಪಕ್ಕೆಲುಬಿನ ಸಂದಿಯಲ್ಲಿ ಹೋಗಿ ಕೂತಿತು.

ಅವನು ಕೈ ತೆಗೆದ.

ಕೆಲಸ ಇಷ್ಟೇ. ತಿಮೊಕ್ ಕಣಿವೆಯ ಮೇಲಿನ ಈ ಬೀಚ್ ಮರದ ಬೆಟ್ಟದ ಹೊಟ್ಟೆಯಲ್ಲಿ ತಾಮ್ರ ಇದೆಯೋ ಇಲ್ಲವೋ ಎಂದು ಕಂಪನಿಯವರು ಕೊರೆಸಿ ನೋಡುತ್ತಾರೆ. ವಜ್ರದ ಹಲ್ಲಿನ ಪೈಪು ದುಂಡಗೆ ಕೊರೆದುಕೊಂಡು ಇಳಿದ ಹಾಗೆ, ನಡುವೆ ಉಳಿದ ಕಲ್ಲಿನ ದಿಂಡು ಒಳಕೊಳವೆಗೆ ತುಂಬಿಕೊಳ್ಳುತ್ತದೆ. ಅದನ್ನು ಹೊರತೆಗೆಯಲು ಪ್ರತಿ ಸಲ ಆರುನೂರು ಮೀಟರ್ ಪೈಪು ಕಿತ್ತು ಹಾಕುತ್ತಾ ಕೂತರೆ ಜನ್ಮ ಸಾಲದು. ತೆಳ್ಳನೆಯ ಉಕ್ಕಿನ ಹಗ್ಗದ ತುದಿಗೆ ಇಕ್ಕಳ ಕಟ್ಟಿ ಪೈಪಿನೊಳಗೇ ಇಳಿಬಿಡುತ್ತಾರೆ. ಅದು ಹೋಗಿ ಒಳಕೊಳವೆಯ ತಲೆ ಕಚ್ಚಿಕೊಳ್ಳುತ್ತದೆ, ಎಳೆದರೆ ದಿಂಡು ಮೇಲೆ ಬರುತ್ತದೆ. ಕಚ್ಚಿತೋ ಇಲ್ಲವೋ ಎಂಬುದಷ್ಟೇ ಯಾರ ಕಣ್ಣಿಗೂ ಕಾಣದ್ದು. ಮೇಲಿನ ಪೈಪಿಗೆ ಬರಿಗೈ ಇಟ್ಟರೆ ಆಳದಿಂದ ಮೊದಲು ಒಂದು ಗುದ್ದು ಬರುತ್ತದೆ. ಇಕ್ಕಳ ತಲೆಗೆ ತಾಗಿತು ಅಂತ. ಅದರ ಬೆನ್ನಿಗೇ ಇನ್ನೊಂದು, ಉಗುರು ತಾಗಿದಷ್ಟು ಸಣ್ಣದು. ಕಚ್ಚಿತು ಅಂತ. ಆ ಎರಡನೆಯದು ಬರದೆ ಎಳೆಯಬಾರದು.

ಇದನ್ನು ಅವನಿಗೆ ಕಲಿಸಿದವನು ಹಳೆಯ ಡ್ರಿಲ್ಲರ್ ಜಿವೊಟಾ. ಐದು ಚಳಿಗಾಲ ಅವನ ಕೈಯ ಪಕ್ಕದಲ್ಲಿ ಕೈ ಇಟ್ಟು, ತಣ್ಣನೆಯ ಕಬ್ಬಿಣಕ್ಕೆ ಚರ್ಮ ಅಂಟಿ ಕಿತ್ತು ಬಂದರೂ ಬಿಡದೆ ಕಲಿತಿದ್ದ. ಸೊಂಟ ಬಿದ್ದು ಮುದುಕ ಮನೆ ಸೇರುವಾಗ, "ಈ ಸೀಟು ನಿಂದೇ ಕಣ್ಲಾ ಟ್ರಾಯ್ಲೊ," ಎಂದಿದ್ದ. ಆ ಖುಷಿಗೆ ಟ್ರಾಯ್ಲೊ ತನ್ನ ತಾಯಿ ಹದಮಾಡಿದ ಕುರಿತೊಗಲು ತಂದು ಸೀಟಿಗೆ ಹಾಸಿದ್ದ. ಸೋಮವಾರ ಬಂದು ನೋಡಿದರೆ ಅದರ ಮೇಲೆ ಮಿಲೊಯೆ ಕೂತಿದ್ದ. ಮೇಸ್ತ್ರಿಯ ಅಕ್ಕನ ಮಗ. ಪಟ್ಟಣದಲ್ಲಿ ಆರು ತಿಂಗಳ ಕೋರ್ಸು ಮಾಡಿ ಸರ್ಟಿಫಿಕೇಟು ತಂದವನು. ಟ್ರಾಯ್ಲೊ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕುರಿಯ ಹಿಂದೆ ಹೋದವನು.

"ಹೋಗ್ಲಿ ಬಿಡು, ಅವ್ನಿಗೆ ನೀನೇ ಕಲಿಸ್ಲಾ," ಎಂದಿದ್ದ ಮೇಸ್ತ್ರಿ. ಕಲಿಸಿದ. ಯಾವ ಕಲ್ಲಿಗೆ ಎಷ್ಟು ಒತ್ತಬೇಕು, ಪಂಪು ಯಾವಾಗ ಉಸಿರುಗಟ್ಟುತ್ತದೆ, ಎಲ್ಲ. ಪೈಪಿನ ಮೇಲೆ ಕೈ ಇಡುವುದೊಂದನ್ನು ಕಲಿಸಲಿಲ್ಲ. ಒಂದು ಮಧ್ಯಾಹ್ನ, ಜೋಳದ ಮುದ್ದೆ, ಈರುಳ್ಳಿ ಹಂಚಿಕೊಂಡು ತಿನ್ನುವಾಗ ಮಿಲೊಯೆ ಕೇಳಿಯೂ ಕೇಳಿದ:

"ಅಣ್ಣಾ, ಅಲ್ಲಿ ಕೈ ಇಟ್ಟಾಗ ಏನ್ ಗೊತ್ತಾಗ್ತದೆ ನಿಂಗೆ? ನಾನೂ ಇಟ್ಟು ನೋಡ್ದೆ. ಬರೀ ಗಡಗಡ."

"ಏನಿಲ್ಲ ಕಣಪ್ಪ. ಬೆಚ್ಚಗಿರ್ತೈತಲ್ಲ, ಕೈ ಕಾಯ್ಸ್ಕತೀನಿ."

ಸುಳ್ಳು ಹೇಳಿ ತುತ್ತು ನುಂಗಿದ್ದ. ಆ ದಿನ ಮುದ್ದೆ ರುಚಿಯಾಗಿತ್ತು.

ಮಿಲೊಯೆ ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಸಿಗರೇಟು ಕೊಡುತ್ತಿದ್ದ, ಟ್ರಾಯ್ಲೊನ ಮಗಳ ಹುಟ್ಟುಹಬ್ಬಕ್ಕೆ ಬೊಂಬೆ ಕಳಿಸಿದ್ದ. ಟ್ರಾಯ್ಲೊನ ಕಣ್ಣು ಮಾತ್ರ ಅವನ ಹಳದಿ ಗ್ಲೌಸನ್ನೇ ನೋಡುತ್ತಿತ್ತು. ಎಷ್ಟು ದಿನವಾದರೂ ಹೊಸದಾಗೇ ಇರುವ ಗ್ಲೌಸು. ಲಿವರಿನ ಮೇಲೆ ಆ ಕೈ ಸುಮ್ಮನೆ ಕೂತಿರುವ ರೀತಿ ನೋಡುತ್ತಿತ್ತು. ಮಳೆ ಬಂದರೆ ಸೀಟಿನ ಮೇಲಿನ ತಗಡು ಮಿಲೊಯೆಗೆ, ಮಳೆ ಟ್ರಾಯ್ಲೊಗೆ. ಸಂಜೆ ಮಿಲೊಯೆ ನಡುಬಗ್ಗಿಸದೆ ನೆಟ್ಟಗೆ ನಡೆದು ಹೋಗುವುದನ್ನು ನೋಡಿದರೂ ಇವನ ಹೊಟ್ಟೆಯಲ್ಲಿ ಕೆಂಡ ಕೆದಕಿದಂತಾಗುತ್ತಿತ್ತು.

ಆ ಬೆಳಿಗ್ಗೆ ಮೇಸ್ತ್ರಿ ಬೈದು ಮುಗಿಸಿದ ಮೇಲೆ ಮಿಲೊಯೆ ಬ್ರೇಕು ಬಿಟ್ಟ. ಉಕ್ಕಿನ ಹಗ್ಗದ ರಾಟೆ ಚೀರುತ್ತಾ ತಿರುಗಿತು. ಇಕ್ಕಳ ಒಣ ಪೈಪಿನಲ್ಲಿ ನೇರ ಬಿತ್ತು. ಅದು ತಳ ಮುಟ್ಟಿದ್ದಕ್ಕೆ ಪೈಪಿನ ಮೇಲೆ ಕೈ ಇಡಬೇಕಾಗಿಯೇ ಇರಲಿಲ್ಲ, ಅಂಗಾಲಿಗೇ ಗೊತ್ತಾಯಿತು. ಅದು ನಿಂತ ಮೇಲೂ ರಾಟೆ ನಿಲ್ಲಲಿಲ್ಲ. ಸಡಿಲಾದ ಹಗ್ಗ ಸುರುಳಿ ಸುರುಳಿಯಾಗಿ ಪೈಪಿನೊಳಗೆ ಸುರಿಯಿತು. ಗಾಬರಿಬಿದ್ದ ಮಿಲೊಯೆ ಲಿವರು ಎಳೆದ. ಕೆಳಗೆ ಗಂಟುಬಿದ್ದ ಹಗ್ಗ ಒಮ್ಮೆ ನಿಗುರಿ, ಪಟ್ಟೆಂದು ತುಂಡಾಯಿತು.

ಎಂಜಿನ್ನು ಆರಿಸಿದರು. ಕಾಡಿನಲ್ಲಿ ಮರಕುಟಿಗ ಕುಟ್ಟುವುದು ಕೇಳಿಸಿತು.

"ಯಾವನ್ಲಾ ಹಗ್ಗ ನೋಡ್ಕೊಳೋನು?" ಮೇಸ್ತ್ರಿ ಸುತ್ತ ನೋಡಿ ಟ್ರಾಯ್ಲೊನ ಮುಂದೆ ಬಂದು ನಿಂತ. "ಗ್ರೀಸು ಬಳ್ದಿದ್ಯಾ? ಸವ್ದಿರೋದ್ನ ನೋಡಿದ್ಯಾ? ನಿನ್ ಬಾಯಲ್ಲಿ ನೀರಿಲ್ಲ ಅಂತ ಬಂತಲ್ಲ, ಆ ಅಪಶಕುನಕ್ಕೇ ಕಿತ್ಕೊಂಡಿರೋದು."

ಅದನ್ನು ಅವನು ತಮಾಷೆಗೆ ಹೇಳಿರಲಿಲ್ಲ. ಅರ್ಧ ನಂಬಿಯೇ ಹೇಳಿದ್ದ.

ಪೈಪು ಪೂರಾ ಕೀಳುವಂತಿರಲಿಲ್ಲ. ಮೇಲಿನ ಇನ್ನೂರು ಮೀಟರಿನ ಮಣ್ಣು ಸಡಿಲ, ಪೈಪು ಬಂದ ಹಿಂದೆಯೇ ತೂತು ಕುಸಿಯುತ್ತದೆ, ನಾಲ್ಕು ತಿಂಗಳ ಕೆಲಸ ಮಣ್ಣುಪಾಲು. ಗುರುವಾರ ರಾಜಧಾನಿಯಿಂದ ಕಂಪನಿಯ ದೊಡ್ಡವರು ಬರುವವರಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೇಸ್ತ್ರಿ ತಾನೇ ಟ್ರಾಯ್ಲೊನ ಪಕ್ಕ ಬಂದು ಮರದ ದಿಮ್ಮಿಯ ಮೇಲೆ ಕೂತ. ದನಿ ಬೇರೆಯಾಗಿತ್ತು.

"ಜಿವೊಟಾ ಇದ್ದಾಗ ಒಂದ್ಸಲ ಹಿಂಗೇ ಆಗಿತ್ತಲ್ಲ, ಕೊಕ್ಕೆಮುಳ್ಳು ಇಳಿಬಿಟ್ಟು ಎತ್ತಿದ್ರಲ್ವಾ? ನೀನಿದ್ಯಲ್ಲ?"

"ಇದ್ದೆ."

"ಎತ್ಕೊಡ್ಲಾ. ಮುಂದಿನ್ ತಿಂಗ್ಳು ಹೊಸ ರಿಗ್ಗು ಬತ್ತೈತೆ. ಅದ್ರ ಸೀಟು ನಿಂಗೇಯ. ನನ್ ಮಕ್ಕಳಾಣೆ."

ಟ್ರಾಯ್ಲೊ ಅವನ ಮಾತು ನಂಬಲಿಲ್ಲ. ನಂಬದೆಯೂ ಇರಲಿಲ್ಲ. ಸೀಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಒಳಗೆ ಏನೋ ಎದ್ದು ಕೂತುಬಿಟ್ಟಿತು.

ಅಂದು ಊರಿಗೆ ಹೋದವನು ಹೆಂಡತಿ ಸ್ಟಾನಾಗೆ ಒಂದೇ ಮಾತು ಹೇಳಿದ: "ಹೊಸ ರಿಗ್ಗು ಬತ್ತೈತಂತೆ." ಅವಳು ಕುರಿಹಾಲು ಸೋಸುತ್ತಿದ್ದವಳು ತಿರುಗಿ ನೋಡಿ, "ಬಂದ್ರೆ? ಅದ್ಕೂ ನೀನೇ ಗ್ರೀಸು ಬಳಿತೀಯ," ಎಂದಳು. ಅವನು ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಎದ್ದ.

ಎರಡು ದಿನ ವೆಲ್ಡಿಂಗ್ ಶೆಡ್ಡಿನಲ್ಲಿ ಕೂತು ಟ್ರಾಯ್ಲೊ ಮುಳ್ಳು ಮಾಡಿದ. ಮೊಳದುದ್ದದ ಉಕ್ಕಿನ ಸಲಾಕೆ, ತುದಿ ಚೂಪು, ಮೈತುಂಬ ಮೇಲ್ಮುಖವಾಗಿ ಬಾಗಿದ ಕೊಕ್ಕೆಗಳು. ಒಂದೊಂದು ಕೊಕ್ಕೆಯನ್ನೂ ಕಾಯಿಸಿ, ಬಗ್ಗಿಸಿ, ಬೆರಳಲ್ಲಿ ಮುಟ್ಟಿ ನೋಡಿ, ಮತ್ತೆ ಕಾಯಿಸಿದ. ಕೊಕ್ಕೆ ಗಿಡ್ಡವಾದರೆ ಹಗ್ಗ ಸಿಕ್ಕದು, ಉದ್ದವಾದರೆ ಮುಳ್ಳೇ ಪೈಪಿಗೆ ಸಿಕ್ಕಿಕೊಂಡು, ಹಗ್ಗದ ಜೊತೆಗೆ ಅದೂ ಒಂದು ಹೆಣವಾಗಿ ಒಳಗೇ ಉಳಿಯುತ್ತದೆ.

ಬುಧವಾರ ಇಳಿಸಿದರು. ಮಿಲೊಯೆ ಲಿವರಿನಲ್ಲಿ, ಟ್ರಾಯ್ಲೊ ಪೈಪಿನ ಮೇಲೆ ಕೈಯಿಟ್ಟು. ಈಗ ಯಾರೂ ನಗಲಿಲ್ಲ. ಐನೂರ ತೊಂಬತ್ತು ಮೀಟರ್ ದಾಟಿದ ಮೇಲೆ ಅವನು ಕಣ್ಣು ಮುಚ್ಚಿದ. ಗಡಗಡ, ಗಡಗಡ. ಆಮೇಲೆ ಕಬ್ಬಿಣದ್ದಲ್ಲದ ಒಂದು ಮೆದು ತಡೆ, ಕುರಿಯ ಉಣ್ಣೆಯೊಳಗೆ ಬೆರಳಿಗೆ ಮುಳ್ಳು ಸಿಕ್ಕಿದ ಹಾಗೆ. ಎಡಗೈ ಎತ್ತಿದ. ಮಿಲೊಯೆ ನಿಲ್ಲಿಸಿದ. ಇನ್ನೊಂದು ಗೇಣು, ಎಂದು ಬೆರಳಲ್ಲಿ ತೋರಿಸಿದ. ಮಿಲೊಯೆ ಗೇಣು ಬಿಟ್ಟ. ಎಳಿ.

ಹಗ್ಗದ ಗಂಟು ಹಕ್ಕಿಗೂಡಿನ ಹಾಗೆ ಮುಳ್ಳನ್ನು ಸುತ್ತಿಕೊಂಡು ಮೇಲೆ ಬಂತು. ಅದರ ಕೆಳಗೆ ದವಡೆ ಮುರಿದ ಇಕ್ಕಳ. ಒಳಕೊಳವೆ ಕೆಳಗೇ ಉಳಿದಿತ್ತು, ಆದರೆ ಅದರ ತಲೆಯ ತನಕ ದಾರಿ ತೆರವಾಗಿತ್ತು. ಮಿಲೊಯೆ ಸೀಟಿನಿಂದ ಹಾರಿ ಬಂದು ಅವನನ್ನು ತಬ್ಬಿಕೊಂಡ. "ಅಣ್ಣಾ! ಅಣ್ಣಾ!" ಟ್ರಾಯ್ಲೊಗೆ ಅವನ ಗಡ್ಡಕ್ಕೆ ಹಾಕಿದ ಸೆಂಟಿನ ವಾಸನೆ ಬಡಿಯಿತು. ಇದೇ ಮೊದಲು, ಆ ವಾಸನೆಗೆ ಹೊಟ್ಟೆ ಉರಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ಮೂರು ಕಾರುಗಳು ಕೆಸರು ಹಾರಿಸುತ್ತಾ ಬಂದವು. ಬಿಳಿ ಹೆಲ್ಮೆಟ್ಟಿನ ಆರು ಜನ. ಅವರ ಜೊತೆ ಯಾಸ್ನಾ ಎಂಬ ಭೂವಿಜ್ಞಾನದ ಹುಡುಗಿ. ಮೇಜಿನ ಮೇಲೆ ಎಣ್ಣೆ ಒರೆಸಿಟ್ಟಿದ್ದ ಮುಳ್ಳನ್ನು ಎತ್ತಿ ನೋಡಿ ಅವಳು ಕೇಳಿದಳು:

"ಇದನ್ನ ಯಾರು ಮಾಡಿದ್ದು? ತುಂಬಾ ಚೆನ್ನಾಗಿದೆ."

ಟ್ರಾಯ್ಲೊ ಗಂಟಲು ಸರಿಮಾಡಿಕೊಂಡ.

"ನಮ್ಮ ಮಿಲೊಯೆ, ಮೇಡಂ," ಎಂದ ಡೋಬ್ರೊಸಾವ್. "ಕೋರ್ಸು ಮಾಡಿದ ಹುಡ್ಗ. ಇಂಥವ್ರು ಇರೋದ್ಕೇ ನಾಲ್ಕು ತಿಂಗ್ಳ ಕೆಲ್ಸ ಉಳೀತು. ಹೊಸ ರಿಗ್ಗೂ ಇವ್ನ ಕೈಗೇ ಕೊಡೋದು ಅಂತ ತೀರ್ಮಾನ ಆಗೈತೆ."

ಮಿಲೊಯೆ ಬಾಯಿ ತೆರೆದ. ಮೇಸ್ತ್ರಿಯ ಕೈ ಅವನ ಹೆಗಲ ಮೇಲೆ ಕೂತಿತು. ಮಿಲೊಯೆ ತನ್ನ ಬೂಟು ನೋಡಿಕೊಂಡ. ಯಾರೋ ಫೋಟೋ ತೆಗೆದರು. ಮುಳ್ಳು ಹಳದಿ ಗ್ಲೌಸಿನಲ್ಲಿತ್ತು.

"ಇವರು?" ಎಂದು ಯಾಸ್ನಾ ಟ್ರಾಯ್ಲೊನ ಕಡೆ ಕತ್ತು ತಿರುಗಿಸಿದಳು.

"ಇವ್ನಾ? ಮಿಲೊಯೆಯ ಬಾಲ. ಅವ್ನೆಲ್ಲೋ ಇವ್ನಲ್ಲಿ. ಹೊಸ ರಿಗ್ಗಿಗೂ ಕಳಿಸ್ತೀನಿ, ಗ್ರೀಸು ಬಳಿಯಾಕೆ. ವ್ಲಾಹ್ ಆದ್ರೂ ನಂಬಸ್ತ ಮೇಡಂ, ಕದಿಯಾಕಿಲ್ಲ." ದೊಡ್ಡವರಲ್ಲಿ ಇಬ್ಬರು ನಕ್ಕರು. "ಹೂಂ, ನಡೀರ್ಲಾ! ದಿಂಡು ಎತ್ತಿ ತೋರ್ಸಿ ಇವ್ರಿಗೆ!"

ಹೊಸ ಹಗ್ಗ, ಹೊಸ ಇಕ್ಕಳ. ಟ್ರಾಯ್ಲೊ ಗ್ಲೌಸು ಬಿಚ್ಚಿ ಪೈಪಿನ ಮೇಲೆ ಕೈ ಇಟ್ಟ. ಎಂಟು ವರ್ಷದ ಅಭ್ಯಾಸ, ಕೈ ತಾನೇ ಹೋಗಿ ಕೂತಿತು. ಮಿಲೊಯೆ ಈಗ ಬ್ರೇಕು ಹಿಡಿದು ನಿಧಾನವಾಗಿಯೇ ಇಳಿಸಿದ. ಇನ್ನೂರು. ನಾನೂರು. ಆರುನೂರು. ಬಿಳಿ ಹೆಲ್ಮೆಟ್ಟುಗಳು ಹತ್ತಿರ ಬಂದವು. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ.

ಗುದ್ದು ಬಂತು.

ಆಮೇಲೆ ಎರಡನೆಯದು. ಆದರೆ ಪೂರ್ತಿಯಲ್ಲ. ಬೀಗದ ಕೈ ಅರ್ಧ ತಿರುಗಿ ನಿಂತಂತೆ, ಮುಕ್ಕಾದ ಒಂದು ಸದ್ದು. ಮೊನ್ನೆಯ ಪೆಟ್ಟಿಗೆ ಕೊಳವೆಯ ತಲೆ ಸೊಟ್ಟಗಾಗಿದೆ. ಇಕ್ಕಳದ ಒಂದು ದವಡೆ ಮಾತ್ರ ಕಚ್ಚಿದೆ. ಒಂದು ಮೊಳ ಎತ್ತಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಹಾಗೆಯೇ ಎಳೆದರೆ ಅರ್ಧ ದಾರಿಯವರೆಗೆ ಬಂದು, ಕೈಬಿಟ್ಟು, ದಿಂಡು ತುಂಬಿದ ಕೊಳವೆ ಆ ಒಣ ತೂತಿನಲ್ಲಿ ಮುನ್ನೂರು ಮೀಟರ್ ಬೀಳುತ್ತದೆ. ಆಮೇಲೆ ಅದನ್ನು ಎತ್ತುವ ಮುಳ್ಳು ಈ ಬೆಟ್ಟದ ಮೇಲೆ ಯಾರ ಹತ್ತಿರವೂ ಇಲ್ಲ.

ಇಷ್ಟೂ ಅವನ ಅಂಗೈಯಲ್ಲಿತ್ತು. ಬೇರೆ ಎಲ್ಲೂ ಇರಲಿಲ್ಲ.

"ಕಚ್ತಾ?" ಮಿಲೊಯೆ ಸೀಟಿನಿಂದ ಕೂಗಿದ. ಕೈ ಲಿವರಿನ ಮೇಲೆ ಕಾಯುತ್ತಿತ್ತು. "ಅಣ್ಣಾ, ಕಚ್ತಾ?"

ಟ್ರಾಯ್ಲೊ ಕೈ ತೆಗೆದ. ಪ್ಯಾಂಟಿಗೆ ಒರೆಸಿಕೊಂಡ. ಬೇಲಿಗೆ ನೇತುಹಾಕಿದ್ದ ಕೋಟು ಎತ್ತಿಕೊಂಡು, ಬಿಳಿ ಹೆಲ್ಮೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಹೊರಟ. ಯಾಸ್ನಾ ಪಕ್ಕಕ್ಕೆ ಸರಿದಳು.

"ಏ! ಎಲ್ಲಿಗ್ಲಾ ಹೊಂಟೆ?" ಮೇಸ್ತ್ರಿಯ ದನಿ. "ಏ ವ್ಲಾಹ್! ಕಚ್ತೋ ಇಲ್ವೋ ಬೊಗಳ್ಲಾ!"

ಕಾರುಗಳನ್ನು ದಾಟಿದ. ಬೀಚ್ ಮರಗಳ ನಡುವಿನ ಕೆಸರು ದಾರಿ ಇಳಿಜಾರಾಗಿತ್ತು.

"ಟ್ರಾಯ್ಲೊ!" ಈಗ ಬೈಗುಳವಿಲ್ಲ, ಬರೀ ಹೆಸರು. "ಲೋ ಟ್ರಾಯ್ಲೊ! ಹೇಳ್ಬಿಟ್ಟು ಹೋಗಪ್ಪಾ! ಎಳೀಲೋ ಬ್ಯಾಡ್ವೋ?"

ಅವನು ತಿರುಗಲಿಲ್ಲ. ಜಾರದ ಹಾಗೆ ಹಿಮ್ಮಡಿಯೂರಿ ಇಳಿಯುತ್ತಾ ಹೋದ. ಹಿಂದೆ ಎಂಜಿನ್ನು ಓಡುತ್ತಲೇ ಇತ್ತು. ರಾಟೆ ಇನ್ನೂ ತಿರುಗಿರಲಿಲ್ಲ.