ಮುಚ್ಚದ ಎಡಬಾಗಿಲು

ಲೈಲ್ ತನ್ನ ಅರವತ್ತೇಳನೇ ಇಸವಿಯ ಮಸ್ಟ್ಯಾಂಗ್ ಕಾರನ್ನು ಟೊಲಿಡೊ ಊರಿನ ನನ್ನ ಗ್ಯಾರೇಜಿಗೆ ತಂದಾಗ ಎಡಬಾಗಿಲನ್ನು ಹಗ್ಗದಿಂದ ಕಟ್ಟಿದ್ದ. ತಿರುವುಗಳಲ್ಲಿ ಕಾರಿನ ಮೂತಿ ನುಲಿಯದಿರಲೆಂದು, ಮುಂಚಕ್ರಗಳ ಮೇಲಿನ ಗೂಡುಗಳಿಂದ ಎಂಜಿನ್ನಿನ ಹಿಂಗೋಡೆಗೆ ಉಕ್ಕಿನ ಕಂಬಿಗಳನ್ನು ಮನೆಯಲ್ಲೇ ಕೂರಿಸಿದ್ದನಂತೆ. ಅಂದಿನಿಂದ ಆ ಬಾಗಿಲು ಮುಚ್ಚುತ್ತಿರಲಿಲ್ಲ.

“ರೋಂಡಾ, ಇದು ತೀರಿಹೋದ ಅಣ್ಣನ ಕಾರು. ಬಾಡೀನೇ ಸೊಟ್ಟ ಮಾಡ್ಬಿಟ್ಟೆ ಅನ್ಸುತ್ತೆ,” ಎಂದ.

“ಬೋಲ್ಟ್ ಬಿಗಿಯೋವಾಗ ಕಾರು ಹೇಗೆ ನಿಂತಿತ್ತು?”

“ನಡುವಿಗೆ ಸ್ಟ್ಯಾಂಡ್ ಕೊಟ್ಟಿದ್ದೆ. ಚಕ್ರ ಗಾಳೀಲಿತ್ತು.”

“ಮೂತಿ ಜೋತುಬಿದ್ದಾಗ ಬಿಗಿದು, ಹಾಗೇ ಇರು ಅಂತ ಕಟ್ಟಿಹಾಕಿದ್ದೀಯಲ್ಲೋ ಮಹರಾಯ. ಅದಕ್ಕೇ ಬಾಗಿಲು ಚೌಕಟ್ಟಿಗೆ ಕೂರ್ತಿಲ್ಲ.”

ಕಾರನ್ನು ಸಮನೆಲದಲ್ಲಿ ಅದರ ಚಕ್ರಗಳ ಮೇಲೇ ನಿಲ್ಲಿಸಿ ಬೋಲ್ಟುಗಳನ್ನೆಲ್ಲ ಸಡಿಲಿಸಿದೆ. ಇಬ್ಬರೂ ಸೇರಿ ಮೂತಿಯನ್ನು ನಾಲ್ಕಾರು ಸಲ ಒತ್ತಿ ಕುಣಿಸಿದೆವು. ಭಾರ ಕೂರಬೇಕಾದ ಕಡೆ ಕೂತ ಮೇಲೆ ಮತ್ತೆ ಬಿಗಿದೆ.

“ಈಗ ಮುಚ್ಚು.”

ಧೈರ್ಯ ಸಾಲದೆ ಅವನು ಎರಡೇ ಬೆರಳಲ್ಲಿ ತಳ್ಳಿದ. ಬಾಗಿಲು ಟಕ್ಕೆಂದು ಕೂತಿತು. ಲೈಲ್ ಅದನ್ನು ತೆಗೆದು ಮತ್ತೊಮ್ಮೆ ಮುಚ್ಚಿ ನೋಡಿದ.

“ಅಣ್ಣ ಇದ್ದಿದ್ರೆ ಚೆನ್ನಾಗಿ ಉಗೀತಿದ್ದ.”

“ಎಲ್ಲಿ ಉಗೀತಿದ್ದ? ಅವನ ಮೊದಲನೇ ಕಾರಿಗೂ ಇದನ್ನೇ ಮಾಡ್ಕೊಂಡು ನನ್ನ ಹತ್ರಾನೇ ಬಂದಿದ್ದ. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ.”