ಏಳನೆಯ ಹಾಡಿನ ಖಾಲಿ ಜಾಗ

೧

ಎಲ್ಲಿಂದ ಶುರು ಮಾಡಲಿ? ನೆರೆಯಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಹಾಡಿನಿಂದ ಶುರು ಮಾಡಿದರೆ ಕಾಲು ಕುಣಿಸುತ್ತೀರಿ. ನನಗೆ ಎರಡೂ ಬೇಡ. ಓದುತ್ತಾ ಓದುತ್ತಾ ನೀವು ಒಮ್ಮೆ ಹಿಂದಕ್ಕೆ ತಿರುಗಿ, ಕೋಣೆಯಲ್ಲಿ ಇನ್ಯಾರೂ ಇಲ್ಲವಲ್ಲ ಎಂದು ನೋಡಿಕೊಂಡರೆ ಸಾಕು.

ಮೊದಲ ಡ್ರಾಫ್ಟ್ ಹೀಗಿತ್ತು: ‘ಕೆಂಟಕಿಯ ಪೂರ್ವದ ಗುಡ್ಡಗಳ ನಡುವೆ ಸ್ಲೋನ್ ಫೋರ್ಕ್ ಎಂಬ ಹೊಳೆ ಹರಿಯುತ್ತದೆ.’ ಹರಿದು ಬಿಸಾಡಿದೆ. ಹೊಳೆ ಹರಿಯದೆ ಇನ್ನೇನು ಮಾಡುತ್ತದೆ?

ಎರಡನೆಯ ಡ್ರಾಫ್ಟ್ ಒಂದು ಡಬಲ್ ಬೇಸ್‌ನಿಂದ ಶುರುವಾಯಿತು. ಅದನ್ನೇ ಇಟ್ಟುಕೊಳ್ಳೋಣ.

ನೆರೆ ಇಳಿದ ಮೇಲೆ ಆ ಬೇಸ್, ಆಳೆತ್ತರದ ಪಿಟೀಲು, ಹೊಳೆಯ ಕೆಳಗಿನ ತಿರುವಿನಲ್ಲಿ ಒಂದು ಸಿಕಮೋರ್ ಮರದ ಕವಲಿನಲ್ಲಿ ಸಿಕ್ಕಿತು. ಸಿಕ್ಕಿಹಾಕಿಕೊಂಡಂತೆ ಇರಲಿಲ್ಲ. ಯಾರೋ ಎತ್ತಿ ಕೂರಿಸಿ, ಬೀಳದಂತೆ ಒರಗಿಸಿ ಹೋದ ಹಾಗಿತ್ತು. ಅದನ್ನು ಉಳಿಸಲೆಂದು ನೀರಿಗಿಳಿದಿದ್ದ ಎಸ್ಟಿಲ್ ಮಾತ್ರ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

೨

ವರ್ನಾ ಎಸ್ಟಿಲನ ಅಕ್ಕ. ಆ ಬೇಸನ್ನು ಮರದಿಂದ ಇಳಿಸಿ, ನೆರಳಲ್ಲಿ ನಿಧಾನವಾಗಿ ಒಣಗಿಸಿ, ಬಾಯಿಬಿಟ್ಟ ಅಂಚುಗಳಿಗೆ ಅಂಟು ಹಾಕಿ, ತಮ್ಮ ನುಡಿಸುತ್ತಿದ್ದದ್ದನ್ನು ತಾನು ನುಡಿಸಲು ಕಲಿತಳು. ಅವಳ ಜೊತೆ ಬ್ಯಾಂಡಿನಲ್ಲಿ ಇದ್ದವರು ಇಬ್ಬರೇ. ಬ್ಯಾಂಜೋ ನುಡಿಸುವ ದೊಡ್ಡಪ್ಪ ಹಾರ್ಲಿಸ್. ಮತ್ತೆ ಅಲ್ಸೀಡ್, ಲೂಸಿಯಾನಾದ ಜೌಗು ಸೀಮೆಯಿಂದ ಯಾವುದೋ ಮದುವೆಗೆ ಅಕಾರ್ಡಿಯನ್ ನುಡಿಸಲು ಬಂದು, ವಾಪಸು ಹೋಗುವುದನ್ನೇ ಮರೆತವನು. ಡ್ರಮ್ಮೂ ಅವನೇ, ರೆಕಾರ್ಡಿಂಗ್ ಯಂತ್ರವೂ ಅವನದೇ.

ಗಣಿ ಕಂಪನಿ ಬಿಟ್ಟುಹೋದ ಹಳೆಯ ಅಂಗಡಿಯಲ್ಲಿ ಕೂತು ಅವರು ಮಾಡುತ್ತಿದ್ದ ಆಲ್ಬಮ್ ಗುಡ್ಡಗಾಡಿನ ಹಾಡಿನ ಬಗೆಯದು, ಕಂಟ್ರಿ ಎಂದರೆ ಕಂಟ್ರಿ. ಆದರೆ ಮೊದಲ ಹಾಡಿನ ಬ್ಯಾಂಜೋ ಕೆಳಗೆ ಮೆಕ್ಸಿಕನ್ನರ ಪೋಲ್ಕಾ ಹೆಜ್ಜೆ ಹಾಕುತ್ತಿತ್ತು. ಎರಡನೆಯದರ ಹೊಟ್ಟೆಯಲ್ಲಿ ಬ್ಲೂಸಿನ ಅಳಲು ಇತ್ತು. ಮೂರನೆಯದು ಜೌಗು ಸೀಮೆಯ ವಾಲ್ಟ್ಸ್ ಕುಣಿತದ್ದು. ಐದನೆಯ ಹಾಡು ಎಲ್ಲಿಯದೆಂದು ಅಲ್ಸೀಡನಿಗೂ ಗೊತ್ತಿರಲಿಲ್ಲ. ‘ಬೆರಳು ಹೋದ ಕಡೆ ಹೋದೆ’ ಎನ್ನುತ್ತಿದ್ದ.

ಪೇಟೆಯ ಕ್ಯಾಸೆಟ್ ಅಂಗಡಿಯವನು ಎರಡು ಹಾಡು ಕೇಳಿ ತಲೆ ಕೆರೆದುಕೊಂಡಿದ್ದ.

“ಇದನ್ನ ಯಾವ ಶೆಲ್ಫಲ್ಲಿ ಇಡ್ಲಿ, ವರ್ನಾ? ಕಂಟ್ರಿ ಕಡೆ ಇಟ್ರೆ ಕಂಟ್ರಿಯವ್ರು ಬೈತಾರೆ.”

“ಬಾಗ್ಲಿಗೆ ಒತ್ತು ಕೊಟ್ಟು ಇಡು ಮಾರಾಯ. ಗಾಳಿಗೆ ಬಡ್ಕೊಳೋದಾದ್ರೂ ನಿಲ್ಲುತ್ತೆ.”

(ಈ ಕಥೆಯನ್ನು ಯಾವ ಶೆಲ್ಫಲ್ಲಿ ಇಡಬೇಕೆಂದು ನನಗೂ ಗೊತ್ತಿಲ್ಲ. ಈ ಮುದಿ ವಯಸ್ಸಿನಲ್ಲಿ ನನಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದ ಮೇಡಂ, ಕಥೆಗೊಂದು ಮುಂಬಾಗಿಲು ಒಂದು ಹಿಂಬಾಗಿಲು ಇರಲೇಬೇಕು, ಓದುಗರು ಒಳಗೇ ಉಳಿದುಬಿಡಬಾರದು ಎನ್ನುತ್ತಿದ್ದರು. ಮುಂಬಾಗಿಲಿನಿಂದ ನೀವಾಗಲೇ ಒಳಗೆ ಬಂದಿದ್ದೀರಿ.)

೩

ಏಳನೆಯ ಹಾಡು ಬೇರೆ ಥರದ್ದು. ಅದಕ್ಕಾಗಿಯೇ ವರ್ನಾ ಆಲ್ಬಮ್ ಮಾಡಲು ಹೊರಟದ್ದು.

ಈ ಗುಡ್ಡಗಳ ಹಳೆಯ ಚರ್ಚಿನಲ್ಲಿ ವಾದ್ಯವಿಲ್ಲ. ಹಿರಿಯನೊಬ್ಬ ಎದ್ದು ಒಂದು ಸಾಲನ್ನು ಅವಸರದಲ್ಲಿ ಹೇಳುತ್ತಾನೆ. ಅದಕ್ಕೆ ಸಾಲು ಕೊಡುವುದು ಎನ್ನುತ್ತಾರೆ. ಬೆಂಚುಗಳಲ್ಲಿ ಕೂತವರೆಲ್ಲ ಅದೇ ಸಾಲನ್ನು ಎಳೆದೆಳೆದು ಹಾಡುತ್ತಾರೆ. ಅದು ಸಾಲು ತೆಗೆದುಕೊಳ್ಳುವುದು. ಕೊಡುವವನು ಒಬ್ಬ, ತೆಗೆದುಕೊಳ್ಳುವವರು ಎಲ್ಲರೂ. ಬೀಳ್ಕೊಡುವ ಹಾಡಾದರೆ, ನಾಲ್ಕನೆಯ ಸಾಲಿಗೆ ಎಲ್ಲರೂ ಎದ್ದು ಬಲಗೈ ಚಾಚಿ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಸಾಲು ಕೊಟ್ಟವನೇ ನಡೆದು, ತೆಗೆದುಕೊಂಡವರ ಹತ್ತಿರ ಹೋಗಬೇಕು. ಸತ್ತವರಿಗೂ ಹಾಗೆಯೇ. ಪೆಟ್ಟಿಗೆ ಮುಚ್ಚುವ ಮುಂಚೆ ಆ ಕೈಯನ್ನು ಮುಟ್ಟಿ ಕಳಿಸುತ್ತಾರೆ.

ಎಸ್ಟಿಲನಿಗೆ ಪೆಟ್ಟಿಗೆಯೂ ಇಲ್ಲ, ಹಾಡೂ ಇಲ್ಲ. “ಮೊದ್ಲು ಸಿಗ್ಲಿ, ಆಮೇಲೆ ಹಾಡೋಣ” ಎಂದು ಅವರಮ್ಮ ಹಟ ಹಿಡಿದಿದ್ದಳು. ಕಳೆದ ಚಳಿಗಾಲದಲ್ಲಿ ಅಮ್ಮ ಹೋದಳು. ಇನ್ನು ತಡೆಯುವವರಿಲ್ಲ. ತಮ್ಮನನ್ನು ಕೈಹಿಡಿದು ಕಳಿಸಬೇಕು: ವರ್ನಾಗೆ ಬೇಕಾಗಿದ್ದದ್ದು ಅಷ್ಟೇ. ಕೈ ಇಲ್ಲದಿದ್ದರೆ ಹಾಡಾದರೂ ಇರಲಿ.

ಆದರೆ ಚರ್ಚಿನವರು ಡ್ರಮ್ಮು ಅಕಾರ್ಡಿಯನ್ನು ಇರುವ ಕೋಣೆಯಲ್ಲಿ ಬಾಯಿ ತೆರೆಯಲು ಒಪ್ಪಲಿಲ್ಲ. ಶನಿವಾರ ಎಲ್ಲವನ್ನೂ ಹೊರಗೆ ಸಾಗಿಸಿದರೆ ಬಂದು ಹಾಡುತ್ತೇವೆ ಎಂದರು.

“ಅದಕ್ಕೇನಂತೆ?” ಎಂದ ಅಲ್ಸೀಡ್. “ದೊಡ್ಡಪ್ಪನ ಗಂಟ್ಲು ಇವತ್ತು ಸರಿಯಾಗಿದೆ. ಅವ್ರು ಬರೀ ಸಾಲು ಕೊಡ್ಲಿ, ನಡುವೆ ಜಾಗ ಬಿಡ್ಲಿ. ಶನಿವಾರ ಬಂದೋರು ಆ ಜಾಗ ತುಂಬ್ಲಿ. ನಾನು ಒಂದರ ಮೇಲೊಂದು ಕೂರಿಸ್ತೀನಿ.”

“ಯಾರೂ ಇಲ್ದೆ ಇರೋ ಬೆಂಚಿಗೆ ಸಾಲು ಕೊಡೋದಾ? ನಮ್ಮಪ್ಪನ ಕಾಲದಿಂದ್ಲೂ ಹಾಗೆ ಮಾಡಿದ್ದಿಲ್ವಲ್ಲೋ,” ಎಂದ ಹಾರ್ಲಿಸ್.

“ನಿಮ್ಮಪ್ಪನ ಕಾಲದಲ್ಲಿ ಮೈಕೂ ಇರ್ಲಿಲ್ಲ, ದೊಡ್ಡಪ್ಪ.”

ಹಾರ್ಲಿಸ್ ವರ್ನಾಳ ಮುಖ ನೋಡಿದ. ಅವಳು ಮೈಕನ್ನು ಅವನ ಎತ್ತರಕ್ಕೆ ಇಳಿಸಿದಳು. ಅವನು ಒಪ್ಪಿಕೊಂಡದ್ದು ಅಲ್ಲಿ. (ತಪ್ಪು ಯಾರದೆಂದು ಆಮೇಲೆ ನನ್ನನ್ನು ಕೇಳಬೇಡಿ. ನಾನು ಬರೆದವಳು ಮಾತ್ರ.)

೪

ಮಟಮಟ ಮಧ್ಯಾಹ್ನ. ಕಿಟಕಿಗಳಲ್ಲಿ ಬೇಕಾದಷ್ಟು ಬಿಸಿಲಿತ್ತು. ವರ್ನಾ ಊಟಕ್ಕೆ ಬೀನ್ಸ್ ಸಾರೂ ಮೆಕ್ಕೆಜೋಳದ ರೊಟ್ಟಿಯೂ ತರಲು ರಸ್ತೆಯಾಚೆಯ ತನ್ನ ಮನೆಗೆ ಹೋಗಿದ್ದಳು. ಇದನ್ನು ನೆನಪಿಡಿ: ಹಾರ್ಲಿಸ್ ಹಾಡುವಾಗ ವರ್ನಾ ಆ ಕೋಣೆಯಲ್ಲಿ ಇರಲಿಲ್ಲ.

ಹಾರ್ಲಿಸ್ ಟೋಪಿ ತೆಗೆದು, ಖಾಲಿ ಅಂಗಡಿಯ ಕಡೆ ಮುಖ ಮಾಡಿ ಕೊಟ್ಟ:

ಆಚೆ ದಡದಲ್ಲಿ ದೀಪ ಹಚ್ಚಿದ್ದಾರೆ—

ಜಾಗ ಬಿಟ್ಟ.

ದೋಣಿಯಲಿ ಇನ್ನೂ ಜಾಗವಿದೆ—

ಜಾಗ ಬಿಟ್ಟ.

ನನ್ನವರೆಲ್ಲ ಕುಳಿತಾಗಿದೆ—

ಜಾಗ ಬಿಟ್ಟ. ನಾಲ್ಕನೆಯ ಸಾಲಿಗೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

“ಕೊನೇದು ಈಗ ಬೇಡ. ಶನಿವಾರ, ಜನ ಇರುವಾಗ ಕೊಡ್ತೀನಿ.”

“ಯಾಕೆ, ಮರ್ತೋಯ್ತಾ?”

“ಯಾರೋ ಎದ್ದ ಹಾಗಾಯ್ತು ಕಣೋ.”

ಅಲ್ಸೀಡ್ ನಕ್ಕ. ಎದ್ದು ನಿಲ್ಲಲು ಆ ಕೋಣೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

೫

ಊಟ ಮಾಡುತ್ತಾ ಟೇಪ್ ಕೇಳಿದರು.

ಮೊದಲ ಸಾಲು ಬಂತು, ಖಾಲಿ ಜಾಗ ಬಂತು. ಆ ಜಾಗದಲ್ಲಿ ಯಾರೋ ಎರಡು ಸಲ ಚಿಕ್ಕದಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಒಂದು ಉಸಿರಿನಷ್ಟು ತಡವಾಗಿ ಹಾಡಲು ಶುರುಮಾಡಿದರು.

ವರ್ನಾ ತಟ್ಟೆ ಕೆಳಗಿಟ್ಟಳು. ಹಾಡುವ ಮುಂಚೆ ಎರಡು ಸಲ ಕೆಮ್ಮುತ್ತಿದ್ದವನು, ಎಲ್ಲರಿಗಿಂತ ಒಂದು ಉಸಿರು ತಡವಾಗಿ ಸೇರಿಕೊಂಡು ಅಮ್ಮನಿಂದ ಬೈಸಿಕೊಳ್ಳುತ್ತಿದ್ದವನು ಇಡೀ ಹೊಳೆಯ ದಂಡೆಯಲ್ಲಿ ಒಬ್ಬನೇ.

“ಲಾರಿ ರೇಡಿಯೋ ಇರ್ಬೇಕು,” ಎಂದ ಅಲ್ಸೀಡ್. “ಒಮ್ಮೊಮ್ಮೆ ಮೈಕಿನ ತಂತಿ ಅದನ್ನ ಹಿಡ್ದುಬಿಡುತ್ತೆ.”

“ನಮ್ಮ ಚರ್ಚಿನ ಹಾಡನ್ನ ಯಾವ ಲಾರಿಯವ್ನು ಹಾಕ್ತಾನೋ? ಸುಮ್ನಿರು,” ಎಂದ ಹಾರ್ಲಿಸ್.

ಎರಡನೆಯ ಜಾಗದಲ್ಲಿ ದನಿಗಳು ಹೆಚ್ಚಿದವು. ಹೆಂಗಸರು, ಗಂಡಸರು. ಎಲ್ಲರಿಗಿಂತ ಒಂದೆಳೆ ಮೇಲೆ ಒಬ್ಬ ಹೆಂಗಸಿನ ಚೂಪು ದನಿ. ಹಾರ್ಲಿಸನ ಚಮಚ ಬಾಯಿಯ ಹತ್ತಿರವೇ ನಿಂತಿತು.

“ಓಮಾ,” ಎಂದ. ಅವನ ಹೆಂಡತಿ. ಗುಡ್ಡದ ಮೇಲೆ ಅವಳ ಸಮಾಧಿಯ ಹುಲ್ಲನ್ನು ಅವನೇ ಕೊಯ್ಯುತ್ತಾನೆ. “ಯಾವತ್ತೂ ಹೀಗೆ. ಮೇಲಕ್ಕೇ ಹೋಗೋಳು. ಇನ್ನೂ ಕಲ್ತಿಲ್ಲ ನೋಡು.”

ಮೂರನೆಯ ಜಾಗದಲ್ಲಿ ಎಸ್ಟಿಲನ ದನಿಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಂತ ಹಾಗೆ, ಇನ್ನೊಂದು ದನಿ ಇತ್ತು. ಅಲ್ಸೀಡ್ ಮೊದಲು ಗುರುತು ಹಿಡಿದ, ಸಮಾಧಾನದಿಂದ ನಕ್ಕೂಬಿಟ್ಟ.

“ಏ, ಇದು ನೀನೇ ಅಲ್ವೇನೇ! ನೀನೇ ಎಲ್ಲೋ ನಿಂತು ಹಾಡಿ ನಮ್ಮನ್ನ ಆಟ ಆಡಿಸ್ತಿದೀಯ.”

“ನಾನು ಮನೇಲಿದ್ದೆ, ಅಲ್ಸೀಡ್.”

“ಮತ್ತೆ?”

“ನಿನಗೆ ಬೀನ್ಸ್ ಬಿಸಿ ಮಾಡ್ತಿದ್ದೆ.”

ಅಲ್ಸೀಡ್ ತಟ್ಟೆ ನೋಡಿಕೊಂಡ. ಬೀನ್ಸ್ ಇನ್ನೂ ಬಿಸಿಯಾಗಿಯೇ ಇತ್ತು.

೬

(ಇಲ್ಲಿ ವರ್ನಾ ನನ್ನ ಮೇಜಿನ ಹತ್ತಿರ ಬಂದಳು. ಪಾತ್ರಗಳು ಹೀಗೆ ಬರಬಾರದು, ಗೊತ್ತು.

“ನಾಲ್ಕನೇ ಸಾಲು ಬರಿ,” ಎಂದಳು.

“ಬರೆದ್ರೆ ನೀನು ಹೋಗ್ತೀಯ ಕಣೇ. ನಿನ್ನ ದನಿ ಆಗಲೇ ಆ ಕಡೆ ಇದೆ.”

“ಬರೀದಿದ್ರೆ ಅವ್ನು ಹೋಗಲ್ಲ. ಕೈ ಚಾಚಿಕೊಂಡು ನಿಂತಿದಾನೆ. ಮೂರು ಸಾಲು ತಗೊಂಡೋನನ್ನ ಹಾಗೇ ನಿಲ್ಲಿಸ್ತಾರಾ ಅಜ್ಜಿ? ನಿನ್ನ ಮನೆಯೋರಾಗಿದ್ರೆ ನಿಲ್ಲಿಸ್ತಿದ್ಯಾ?”

ನಾನು ಪೆನ್ನಿಗೆ ಕ್ಯಾಪ್ ಹಾಕಿದೆ. ಅವಳು ತೆಗೆದಳು.)

ಸರಿ. ಮುಕ್ತಾಯಗಳನ್ನು ಒಂದೊಂದಾಗಿ ಪ್ರಯತ್ನಿಸೋಣ.

ಒಂದು: ಅಲ್ಸೀಡ್ ಹೆದರಿ ಟೇಪ್ ಅಳಿಸುತ್ತಾನೆ. ಆರು ಹಾಡಿನ ಆಲ್ಬಮ್ ಹೊರಬರುತ್ತದೆ, ಜನ ಕುಣಿಯುತ್ತಾರೆ. ಬರೆದು ನೋಡಿದೆ. ಅಳಿಸಿದ ಟೇಪನ್ನು ಅಲ್ಸೀಡ್ ಮತ್ತೆ ಹಾಕಿದಾಗ ಹಾರ್ಲಿಸ್ ಕೊಟ್ಟ ಸಾಲುಗಳು ಹೋಗಿದ್ದವು. ತೆಗೆದುಕೊಂಡವರ ದನಿಗಳು ಅಲ್ಲೇ ಇದ್ದವು. ಆ ಪುಟವನ್ನು ಒಲೆಗೆ ಹಾಕಿದೆ.

ಎರಡು: ಶನಿವಾರ ಚರ್ಚಿನವರು ಬರುತ್ತಾರೆ, ನಾಲ್ಕನೆಯ ಸಾಲು ಹಾಡುತ್ತಾರೆ, ಎಲ್ಲರೂ ಕೈ ಹಿಡಿಯುತ್ತಾರೆ. ವರ್ನಾಳ ಕೈ ಹಿಡಿದವನು ಬಿಡುವುದಿಲ್ಲ. ಆ ಕೈ ಒದ್ದೆಯಾಗಿರುತ್ತದೆ. ಇದನ್ನು ಬರೆಯುವಾಗ ನನ್ನ ಕಾಗದದ ಅಂಚು ತೇವವಾದಂತೆ ಅನ್ನಿಸಿ, ನಿಲ್ಲಿಸಿ ಚಹಾ ಮಾಡಿಕೊಂಡೆ.

ಮೂರನೆಯದನ್ನು ಹಾರ್ಲಿಸನೇ ಕೊಟ್ಟ.

“ನೀನು ಹೊರಗೆ ಹೋಗಮ್ಮ,” ಎಂದ ವರ್ನಾಗೆ. “ಸಾಲು ಕೊಟ್ಟು ನಾನೇ ಮೊದ್ಲು ಕೈ ಚಾಚ್ತೀನಿ. ನನಗೆ ವಯಸ್ಸಾಯ್ತು. ಅಲ್ಲದೆ ಅಲ್ಲಿ ನಿನ್ನ ದೊಡ್ಡಮ್ಮ ಶ್ರುತಿ ತಪ್ಪಿ ಹಾಡ್ತಾ ಕೂತಿದಾಳೆ. ಯಾರಾದ್ರೂ ಹೋಗಿ ಹೇಳ್ಬೇಕಲ್ಲ.”

“ತಮಾಷೆ ಸಾಕು ದೊಡ್ಡಪ್ಪ.”

“ತಮಾಷೆ ಅಲ್ಲ ಕಣೇ.”

“ಅವ್ನು ನಿಮಗೆ ಕೈ ಚಾಚಿಲ್ಲ.”

ಆ ಮುಕ್ತಾಯವೂ ಅಲ್ಲಿಗೆ ನಿಂತಿತು.

೭

ವರ್ನಾ ಮೈಕಿನ ಮುಂದೆ ಹೋಗಿ ನಿಂತಳು. ಆ ಚರ್ಚಿನಲ್ಲಿ ಹೆಂಗಸರು ಸಾಲು ಕೊಡುವುದಿಲ್ಲ. ಹಾರ್ಲಿಸ್ ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದ. ಈಗ ಅವಳ ಎಡ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ.

“ಕೊಡ್ಬೇಡ ಕಣೇ.”

“ಕೊಡಲ್ಲ.”

“ಮತ್ತೆ ಯಾಕೆ ನಿಂತೆ?”

“ನಾವು ಕೊಡ್ತಾನೇ ಇದೀವಿ, ಅವ್ರು ತಗೋತಾನೇ ಇದಾರೆ. ಕೊಟ್ಟೋರು ತಗೊಳ್ಳೋರ ಹತ್ರ ಹೋಗ್ಬೇಕು, ಅದಲ್ವಾ ಪದ್ಧತಿ? ಅದಕ್ಕೇ ನನ್ನ ಕರೀತಿದಾನೆ. ಈ ಸಲ ಅವ್ನು ಕೊಡ್ಲಿ. ನಾನು ಇಲ್ಲಿ ನಿಂತೇ ತಗೋತೀನಿ. ಕೈ ಹಿಡಿಯೋಕೆ ಬರೋದು ಅವ್ನ ಕೆಲಸ. ಅವ್ನ ಊರು ಇದು, ಅವ್ನೇ ಬರ್ಲಿ.”

“ಬಂದ್ರೆ?”

“ಬಂದ್ರೆ ಹಿಡಿದು ಕಳಿಸ್ತೀನಿ. ನೀವು ನನ್ನ ಬಿಡ್ಬೇಡಿ, ಅಷ್ಟೆ.”

ಅವಳು ಅಲ್ಸೀಡನ ಕಡೆ ತಲೆ ಆಡಿಸಿದಳು. ಅಲ್ಸೀಡ್ ಶಿಲುಬೆಯ ಗುರುತು ಹಾಕಿಕೊಂಡು ಯಂತ್ರ ಚಾಲೂ ಮಾಡಿದ. ಟೇಪ್ ತಿರುಗಿತು. ಗೋಡೆಗೆ ಒರಗಿಸಿದ್ದ ಡಬಲ್ ಬೇಸಿನ ದಪ್ಪ ತಂತಿ, ಯಾರೂ ಮುಟ್ಟದೆ, ಬಾಗಿಲು ತೆರೆದಾಗ ಗಾಳಿಗೆ ಗುಂಯ್ ಎನ್ನುವಂತೆ ಒಮ್ಮೆ ಗುಂಯ್ ಎಂದಿತು. ಬಾಗಿಲು ಮುಚ್ಚಿತ್ತು. ವರ್ನಾ ಬಲಗೈಯನ್ನು ಬಿಸಿಲಿನ ಕಡೆ ಚಾಚಿದಳು. ಮರದ ಕವಲಿನಿಂದ ಬೇಸನ್ನು ಇಳಿಸಿದ್ದೂ ಇದೇ ಕೈ.

ಕೋಣೆಯಲ್ಲಿ ಯಾರೋ ಚಿಕ್ಕದಾಗಿ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು.

ಇಲ್ಲಿ ನಾನು ಪೆನ್ನು ಎತ್ತುತ್ತೇನೆ. ಅವನು ಯಾವತ್ತೂ ಒಂದು ಉಸಿರು ತಡ. ಆ ಒಂದು ಉಸಿರಿನೊಳಗೆ ಎಲ್ಲರನ್ನೂ ನಿಲ್ಲಿಸಿಬಿಡುತ್ತೇನೆ. ವರ್ನಾ ಇನ್ನೂ ಈ ದಡದಲ್ಲಿದ್ದಾಳೆ, ಹಾರ್ಲಿಸ್ ಅವಳ ತೋಳು ಬಿಟ್ಟಿಲ್ಲ, ಟೇಪ್ ಮುಗಿದಿಲ್ಲ. ನಾಲ್ಕನೆಯ ಸಾಲು ನನಗೆ ಗೊತ್ತು. ಬರೆಯುವುದಿಲ್ಲ. ಬರೆದರೆ ನೀವು ಮನಸ್ಸಿನಲ್ಲಾದರೂ ಓದಿಕೊಳ್ಳುತ್ತೀರಿ, ಓದಿಕೊಂಡರೆ ತೆಗೆದುಕೊಂಡ ಹಾಗೆ. ಮೂರು ಸಾಲನ್ನು ನೀವಾಗಲೇ ಓದಿದ್ದೀರಿ. ಅದಕ್ಕೆ ನನ್ನನ್ನು ಕ್ಷಮಿಸಿ.

ಇದಕ್ಕೆ ಹಿಂಬಾಗಿಲು ಇಡಲು ನನಗೆ ಆಗಲಿಲ್ಲ. ಬಂದ ದಾರಿಯಲ್ಲೇ, ಕೊನೆಯಿಂದ ಮೊದಲಿಗೆ, ನಿಧಾನವಾಗಿ ಹೊರಗೆ ಹೋಗಿ. ನಿಮ್ಮ ಬಲಗೈಯಲ್ಲಿ ಈಗ ಈ ಪುಸ್ತಕವಿದೆ ತಾನೆ?

ಸದ್ಯಕ್ಕೆ ಅದನ್ನು ಕೆಳಗಿಟ್ಟು ಕೈ ಖಾಲಿ ಮಾಡಿಕೊಳ್ಳಬೇಡಿ.