ತವರಿನ ಮೀನುಮರಿ

ಕೊಡದೊಳಗೆ ಕೈ ಹಾಕಿದರೂ ಮೀನುಮರಿಗಳು ಕದಲಲಿಲ್ಲ. ದುರಗವ್ವ ಅಣ್ಣನ ಮುಖ ನೋಡಿದಳು.

"ನಿದ್ದಿ ಔಷಧ ಹಾಕೇನವಾ," ಎಂದ ಕುಬೇರಪ್ಪ. "ಗಾಡ್ಯಾಗ ಕುಲುಕಾಡಿದ್ರ ಹೆದರಿ ಸಾಯ್ತಾವ. ನಿಮ್ಮೂರು ಸುಳ್ಳದ ಕೆರಿ ನೀರಿಗೆ ಬಿದ್ದ ಕೂಡ್ಲೆ ತಾವಾ ಏಳ್ತಾವ."

ಕುಬೇರಪ್ಪ ಉಣಕಲ್ಲಿನ ಸಾಹುಕಾರರೊಬ್ಬರ ಮೀನಿನ ತೊಟ್ಟಿಗಳನ್ನು ಕಾಯುವವನು. ಸಿಮೆಂಟಿನ ತೊಟ್ಟಿಗಳ ತುಂಬ ಮರಿಗಳು ಸಂತೆಯ ಜನದಂತೆ ಕಿಕ್ಕಿರಿದಿರುತ್ತಿದ್ದವು. ಸಾಗಿಸುವ ಮುಂಚೆ ಅವಕ್ಕೆ ಮಂಪರು ಬರಿಸುವುದು ಅರವತ್ತಮೂರನೇ ಇಸವಿಯ ಶ್ರಾವಣದಲ್ಲಿ ಅಲ್ಲಿಗೆ ಬಂದ ಹೊಸ ಪದ್ಧತಿ. ವರ್ಷಕ್ಕೊಮ್ಮೆ ಒಂದಿಷ್ಟು ಮರಿ ಕುಬೇರಪ್ಪನ ಪಾಲಿಗೂ ಬರುತ್ತಿತ್ತು. ಈ ಸಲದ ಪಾಲು ತಂಗಿಗೆ ಎಂದಿದ್ದ.

ಬೇರೆ ಯಾರೇ ಕೊಟ್ಟಿದ್ದರೂ ದುರಗವ್ವ ಪರೀಕ್ಷೆ ಮಾಡದೆ ಬಿಡುವವಳಲ್ಲ. ಔಷಧ ಇಳಿಯುವ ತನಕ ಕಾದು, ಅಗಲವಾದ ಪರಾತದಲ್ಲಿ ಮರಿ ಬಿಟ್ಟು ನೀರನ್ನು ಗರಗರ ತಿರುಗಿಸುತ್ತಿದ್ದಳು. ಗಟ್ಟಿ ಮರಿ ಸುಳಿಗೆ ಎದುರು ಈಜುತ್ತದೆ, ರೋಗದ್ದು ನಡುವೆ ಬಂದು ಬೀಳುತ್ತದೆ. ಆದರೆ ಇದು ತವರಿನದು. ಉಡಿ ತುಂಬಿದ ಅಕ್ಕಿಯಲ್ಲಿ ಕಲ್ಲು ಹುಡುಕುವ ಹೆಣ್ಣುಮಗಳು ಅವರ ಮನೆತನದಲ್ಲಿ ಹುಟ್ಟಿರಲಿಲ್ಲ. ಕೊಡಗಳ ಬಾಯಿಗೆ ಒದ್ದೆ ಅರಿವೆ ಕಟ್ಟಿ ಅಣ್ಣ ಹೊಡೆಯುವ ಗಾಡಿ ಹತ್ತಿದಳು.

ಊರ ಕೆರೆಯಲ್ಲಿ ಮೀನು ಸಾಕುತ್ತಿದ್ದ ಗಂಡ ಸತ್ತ ಮೇಲೆ ಪಂಚರು ಅದನ್ನು ಬೇರೆಯವರಿಗೆ ಗುತ್ತಿಗೆ ಕೊಡಲು ಹೊರಟಿದ್ದರು. "ನಮ್ಮಣ್ಣ ಛಲೋ ಮರಿ ಕೊಡ್ತಾನ್ರಿ, ಒಂದ ವರ್ಷ ನನಗ ಬಿಡ್ರಿ," ಎಂದು ಅಂಗಲಾಚಿ ಉಳಿಸಿಕೊಂಡಿದ್ದಳು. ಆ ಕೆರೆ ಬಿಟ್ಟರೆ ಅವಳಿಗೆ ಬೇರೆ ಅನ್ನವಿರಲಿಲ್ಲ.

ಸುಳ್ಳದ ಕೆರೆದಂಡೆಯಲ್ಲಿ ಪಂಚರ ಹಿರಿಯ ಮಹಾದೇವಪ್ಪ ನಾಲ್ಕು ಜನರೊಂದಿಗೆ ಕಾಯುತ್ತಿದ್ದ. ದುರಗವ್ವ ಕೆರೆಗೆ ಕೈ ಮುಗಿದು ಕೊಡಗಳನ್ನು ಬಗ್ಗಿಸಿದಳು. ಕೆಲವು ಮರಿಗಳು ಬಾಲ ಆಡಿಸಿ ಸುಮ್ಮನಾದವು. ಉಳಿದವು ಹೊಟ್ಟೆ ಮೇಲಾಗಿ ತೇಲಿದವು.

"ನಿದ್ದ್ಯಾಗ ಅದಾವ್ರಿ," ಎಂದಳು.

ಬಿಸಿಲು ಏರಿತು. ಒಂದೂ ಏಳಲಿಲ್ಲ. ಕಡೆಗೆ ಅವಳೇ ಒಂದನ್ನು ಅಂಗೈಗೆತ್ತಿಕೊಂಡು ಕಿವಿರು ಬಿಡಿಸಿ ನೋಡಿದಳು. ಒಳಗೆಲ್ಲ ಬಿಳಿ ಬೂಸು. ಅದು ಒಂದು ದಿನದ ರೋಗವಲ್ಲ.

"ಯಣ್ಣಾ, ನಿನಗ ಗೊತ್ತಿತ್ತೇನು?"

ಕುಬೇರಪ್ಪ ಎತ್ತಿನ ಹಗ್ಗ ಸರಿಮಾಡುತ್ತ ನಿಂತಿದ್ದ. "ಆ ತೊಟ್ಟಿಗೆ ಬ್ಯಾನಿ ಬಿದ್ದಿತ್ತು. ಸಾಹುಕಾರ್ರು ಚೆಲ್ಲು ಅಂದಿದ್ರು."

"ಮತ್ತ ನಿನ್ನ ಪಾಲಿನ ಮರಿ?"

"ಅವನ್ನ ನಿಮ್ಮತ್ತಿಗಿ ತಮ್ಮಗ ಕೊಟ್ಟೆ. ಅಂವಾ ಒಂದೊಂದ ಮರಿ ತಿರುವಿ ನೋಡಾಂವ. ನೀ ಹೆಂಗೂ ನೋಡಾಂಗಿಲ್ಲ ಅಂತ..."

ದುರಗವ್ವ ಅಂಗೈಯ ಮರಿಯನ್ನು ದಂಡೆಗೆ ಹಾಕಿದಳು. ಮರಿ ಸತ್ತದ್ದನ್ನು ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ತಾನು ಅವನನ್ನು ನಂಬಿದ್ದನ್ನೇ ಅವನು ನಂಬಿಕೊಂಡು ಕೂತಿದ್ದನಲ್ಲ, ಅದನ್ನು ತಡೆಯಲಾಗಲಿಲ್ಲ.

"ಕೆರಿ ಬ್ಯಾರೆದವ್ರಿಗೆ ಕೊಡಬೇಕಾಗತೈತಿ ದುರಗವ್ವಾ," ಎಂದು ಮಹಾದೇವಪ್ಪ ಜನರನ್ನು ಕರೆದುಕೊಂಡು ಊರ ಕಡೆ ನಡೆದ.

ಕುಬೇರಪ್ಪ ಗಾಡಿ ತಿರುಗಿಸಿ ನಿಂತ. ತವರಿನವರು ಹೊರಟಾಗ 'ಹೋಗಿ ಬಾ' ಎನ್ನಬೇಕು. ಎಂಥ ಜಗಳವಾಗಿದ್ದರೂ ಅಷ್ಟನ್ನು ಹೇಳದೆ ಯಾರೂ ಕಳಿಸುವುದಿಲ್ಲ. ಅವನು ಅದಕ್ಕೇ ಕಾಯುತ್ತಿದ್ದ.

"ಹೋಗು," ಎಂದಳು ದುರಗವ್ವ.

ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು. ಕೆರೆಯ ಹಳೆಯ ಮೀನುಗಳಿಗೂ ಬೇನೆ ತಗಲುವ ಮುಂಚೆ, ತೇಲುತ್ತಿದ್ದ ಮರಿಗಳನ್ನು ಬೊಗಸೆಯಲ್ಲಿ ಎತ್ತಿ ದಂಡೆಗೆ ಹಾಕತೊಡಗಿದಳು. ಹಿಂದೆ ಗಾಡಿ ಇನ್ನೂ ಹೊರಟಿರಲಿಲ್ಲ.